ಅವ್ವ ಹಾಡು ಬಿಟ್ಟ ದಿನಗಳು

ಹಾಡಿನ ಚಾಲು ಎಲ್ಲಿಂದ ಬರುತ್ತದೆ ಎಂದು ಕೇಳಿದವರಿಗೆ ನಾನು ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಒಮ್ಮೆ ಈ ಪ್ರಶ್ನೆಗೆ ಒಂದು ಸುಳ್ಳು ಉತ್ತರ ಹೊರಬಿದ್ದು, ಮನೆಗೆ ಮನೆಯೇ ಮೂಕವಾಗಿ ಕುಳಿತಿತ್ತು. ಆ ಪಾಠ ಈ ಜನ್ಮಕ್ಕೆ ಸಾಕು. ಮೊನ್ನೆ ಮುದ್ದೇಬಿಹಾಳದ ಕಾಲೇಜೊಂದರಲ್ಲಿ ನನ್ನನ್ನು ಸ್ಟೇಜಿನ ಮೇಲೆ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಆಮೇಲೆ ಹುಡುಗ ಹುಡುಗಿಯರಿಗೆ ಪ್ರಶ್ನೆ ಕೇಳಲು ಬಿಟ್ಟರು. ಒಬ್ಬಳು ಎದ್ದು ನಿಂತು, ಇಷ್ಟೆಲ್ಲ ನಾಟಕಗಳಿಗೆ ಹಾಡು ಕೂಡಿಸಿದ್ದೀರಿ, ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಅಂದಳು. ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದ ಪ್ರಾಧ್ಯಾಪಕರು ನನ್ನ ಪರವಾಗಿ ತಾವೇ, ಅದು ದೈವದತ್ತ, ಎಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ದೈವಕ್ಕೆ ಬೇರೆ ಕೆಲಸ ಇಲ್ಲವೇ? ಮೈಕು ಇಸಿದುಕೊಂಡು, ದೈವದ್ದಲ್ಲ, ನಮ್ಮ ಅಡುಗೆಮನೆಯದು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಮುದುಕಿ ತಮಾಷೆ ಮಾಡುತ್ತಾಳೆ ಅಂದುಕೊಂಡರು. ತಮಾಷೆ ಅಲ್ಲ ಅದು, ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ನಮ್ಮ ಮನೆ ಮುದ್ದೇಬಿಹಾಳದ ಹಳೆಯ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಪಡಸಾಲೆ, ಅದರ ಹಿಂದೆ ಕತ್ತಲೆ ತುಂಬಿದ ನಡುಮನೆ, ಅದರಾಚೆ ಅಡುಗೆಮನೆ. ಅಡುಗೆಮನೆಯ ಮಾಳಿಗೆಗೆ ಒಂದು ಬೆಳಕಿಂಡಿ. ಮುಂಜಾನೆ ಅಲ್ಲಿಂದ ಬಿಸಿಲು ಇಳಿದು ಒಲೆಯ ಹೊಗೆಯಲ್ಲಿ ಕೋಲಿನ ಹಾಗೆ ನಿಲ್ಲುತ್ತಿತ್ತು. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಗಡಿಗೆ ಬೋರಲು ಹಾಕಬೇಕು. ಪಡಸಾಲೆ ಅಪ್ಪನದು, ಅಡುಗೆಮನೆ ಅವ್ವನದು, ನಡುಮನೆ ನಮ್ಮ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಎರಡೂ ಕಡೆಯ ಮಾತು ಕಿವಿಗೆ ಬೀಳುವಂತೆ ಸರಿಯಾಗಿ ನಟ್ಟನಡುವಿನ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಮುಟ್ಟಿಸುವುದು, ಮುಟ್ಟಿಸುವಾಗ ತನ್ನದೂ ಸ್ವಲ್ಪ ಉಪ್ಪುಖಾರ ಹಚ್ಚುವುದು ಆಕೆಯ ಉದ್ಯೋಗ. ನಮ್ಮ ಓಣಿಗೆ ಟೆಲಿಫೋನು ಬಂದದ್ದು ಬಹಳ ತಡವಾಗಿ. ನಮ್ಮ ಮನೆಗೆ ಅದರ ಕೊರತೆ ಎಂದೂ ಆಗಲಿಲ್ಲ.

ಅಪ್ಪ ಪೇಟಿ ಮಾಸ್ತರ. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಸುಗ್ಗಿ ಮುಗಿದು ಜನರ ಕೈ ಬಿಡುವಾದ ಕೂಡಲೇ ಹಳ್ಳಿಯ ಹುಡುಗರು ನಾಟಕ ಆಡುತ್ತಾರೆ. ಅವರಿಗೆ ತಾಲೀಮು ಕೊಟ್ಟು ಮಾತು, ಹಾಡು ಕಲಿಸಲು ಹೊರಗಿನಿಂದ ಮಾಸ್ತರನನ್ನು ಕರೆಸುತ್ತಾರೆ. ನಾಟಕದ ಪುಸ್ತಕದಲ್ಲಿ ಹಾಡಿನ ಮಾತು ಇರುತ್ತದೆ, ಅದನ್ನು ಹೇಗೆ ಹಾಡಬೇಕೆಂಬುದು ಇರುವುದಿಲ್ಲ. ಆ ಧಾಟಿಯನ್ನೇ ನಾವು ಚಾಲು ಎನ್ನುವುದು, ಅದನ್ನು ಮಾಸ್ತರನೇ ಕೂಡಿಸಬೇಕು. ಉಳಿದ ಮಾಸ್ತರರು ಸಿನಿಮಾದ ಚಾಲು ಎತ್ತಿ ಹಚ್ಚಿ ಕೈತೊಳೆದುಕೊಳ್ಳುತ್ತಿದ್ದರು. ಅಪ್ಪ ಹಚ್ಚುತ್ತಿರಲಿಲ್ಲ. ಗುರುಪಾದಪ್ಪ ಮಾಸ್ತರ ಬಂದರೆ ಊರಿಗೆ ಹೊಸ ಚಾಲು ಬರುತ್ತದೆ ಎಂದು ಇಂಡಿ, ಸಿಂದಗಿ, ಬಾಗೇವಾಡಿ ಸುತ್ತಮುತ್ತ ಹೆಸರಿತ್ತು. ಆ ಹೆಸರಿನ ಮೇಲೆಯೇ ನಮ್ಮ ಸಂಸಾರ ನಡೆಯುತ್ತಿತ್ತು.

ಆ ಪೇಟಿಯನ್ನು ಬಾರಿಸಬೇಕು ಎಂಬುದು ನನಗೆ ಬುದ್ಧಿ ಬಂದಾಗಿನಿಂದ ಇದ್ದ ಒಂದೇ ಆಸೆ. ಗೊಂಬೆ ಬೇಡ, ಹೊಸ ಲಂಗ ಬೇಡ, ಆ ಕರಿಬಿಳಿ ಪಟ್ಟಿಗಳ ಮೇಲೆ ಬೆರಳು ಇಡಬೇಕು. ಅಪ್ಪ ನನ್ನ ತಮ್ಮನನ್ನು ಕಿವಿ ಹಿಡಿದು ಪೇಟಿ ಮುಂದೆ ಕೂರಿಸುತ್ತಿದ್ದ. ಅವನು ಅಪ್ಪ ಚಹಾ ಕುಡಿಯಲು ತಲೆ ಬಗ್ಗಿಸಿದರೆ ಸಾಕು, ಗೋಲಿ ಆಡಲು ಓಡುತ್ತಿದ್ದ. ನಾನು ಕಂಬದ ಹಿಂದೆ ನಿಂತು ಎಲ್ಲ ನೋಡುತ್ತಿದ್ದೆ. ಒಮ್ಮೆ ಅಪ್ಪ ಇಲ್ಲದಾಗ ಪೇಟಿಯ ಮೇಲಿನ ಬಟ್ಟೆ ಸರಿಸಿದ್ದಕ್ಕೆ ಆಯಿ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಸಂಜೆ ಅವ್ವ, ಹುಡುಗಿಗೂ ಸ್ವಲ್ಪ ಕಲಿಸಿರಿ ಎಂದು ಕೇಳಿದಾಗ ಅಪ್ಪ ಸಿಟ್ಟು ಮಾಡಲಿಲ್ಲ, ತಿಳಿಹೇಳುವವನ ಹಾಗೆ ಹೇಳಿದ:

"ಹೆಣ್ಣುಹುಡುಗಿ ಪೇಟಿ ಬಾರಸಾಕ ಹತ್ತಿದ್ರ ನಾಳೆ ಕಂಪನಿ ನಾಟಕದವ್ರು ಬಂದು ಬಾಗಲದಾಗ ನಿಲ್ತಾರ. ಆಮ್ಯಾಲ ಈಕಿಗಿ ವರಾ ಎಲ್ಲಿಂದ ತರ್ಲಿ?"

ಅಲ್ಲಿಗೆ ಮಾತು ಮುಗಿಯಿತು. ಅಪ್ಪ ಕೆಟ್ಟವನಲ್ಲ. ಊರೂರು ತಿರುಗಿ ಕಂಪನಿ ನಾಟಕದ ಹೆಣ್ಣುಮಕ್ಕಳನ್ನು ಜನ ಏನೇನು ಅನ್ನುತ್ತಾರೆಂದು ಕೇಳಿ ಬಂದವನು. ಅವನಿಗೆ ಹೆದರಿಕೆ. ಆದರೆ ಅವನ ಹೆದರಿಕೆಗೆ ನನ್ನ ಆಸೆ ಏಕೆ ಸಾಯಬೇಕು ಎಂದು ನಾನು ಅಂದು ಇಡೀ ಸಂಜೆ ಜೋಳ ತುಂಬಿಡುವ ಹಗೇವಿನ ಕಲ್ಲಿನ ಮೇಲೆ ಕುಳಿತು ಅತ್ತೆ.

ಇನ್ನು ಅವ್ವ. ಆಕೆಯ ತವರು ಬಸವನ ಬಾಗೇವಾಡಿ ಹತ್ತಿರದ ಹಳ್ಳಿ. ಅಲ್ಲಿಂದ ಬರುವಾಗ ಟ್ರಂಕಿನಲ್ಲಿ ಏನು ತಂದಳೋ ನನಗೆ ಗೊತ್ತಿಲ್ಲ, ಬಾಯಲ್ಲಿ ಬಹಳ ತಂದಿದ್ದಳು. ಬೀಸುವಾಗಿನ ಪದ, ತೊಟ್ಟಿಲ ಪದ, ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವನನ್ನು ಕೂರಿಸಿ ಹುಡುಗಿಯರು ಹಾಡುವ ಪದ. ಗೋಡೆಯಾಚೆ ಖಾಸಿಂಬಿ ಚಿಗವ್ವನ ಮನೆ. ಅವರ ಮನೆಯ ಗಂಡಸರು ಮೊಹರಮ್ಮಿನಲ್ಲಿ ಅಲಾಯಿ ಪದ ಹಾಡುವವರು, ಹಬ್ಬಕ್ಕೆ ತಿಂಗಳಿರುವಾಗಲೇ ಅವರ ತಾಲೀಮು ಶುರು. ಅವ್ವನ ಕಿವಿಗೆ ಗೋಡೆ ಅಡ್ಡವಿರಲಿಲ್ಲ. ಮುಂಜಾನೆ ರೊಟ್ಟಿ ಬಡಿಯುವಾಗ ಇವೆಲ್ಲ ಬೆರೆತು ಆಕೆಯ ಗಂಟಲಿನಿಂದ ಬರುತ್ತಿದ್ದವು. ಬೀಸುವ ಪದ ನಿಧಾನದ್ದು, ಕಲ್ಲಿನ ಜೊತೆ ತಿರುಗುತ್ತದೆ. ರೊಟ್ಟಿಗೆ ಆ ನಿಧಾನ ನಡೆಯದು. ಅಂಗೈ ಓಡುತ್ತದೆ, ಪದವೂ ಅದರ ಹಿಂದೆ ಓಡಬೇಕು, ಓಡುತ್ತ ಓಡುತ್ತ ಅದು ಬೇರೆಯದೇ ಆಗುತ್ತದೆ. ರೊಟ್ಟಿ ತೆಳ್ಳಗಾದ ಮೇಲೆ ಅದನ್ನು ಎರಡೂ ಅಂಗೈಯಲ್ಲಿ ಎತ್ತಿ ಹಂಚಿಗೆ ಹಾಕುವಾಗ ಅವ್ವ ಉಸಿರು ಹಿಡಿಯುತ್ತಿದ್ದಳು. ಹಾಡು ಅಲ್ಲಿ ನಿಲ್ಲುತ್ತಿತ್ತು. ರೊಟ್ಟಿಗೆ ನೀರು ಸವರಿದ ಮೇಲೆ ಮತ್ತೆ ಶುರು. ಇದು ಯಾವ ಪದ, ಯಾರಿಂದ ಕಲಿತದ್ದು ಎಂದು ನಾನು ಕೇಳಿದರೆ, ಖಾಸಿಂಬಿಯನ್ನು ಕೇಳು ಅನ್ನುತ್ತಿದ್ದಳು. ಖಾಸಿಂಬಿ ಚಿಗವ್ವನನ್ನು ಕೇಳಿದರೆ ಆಕೆ ಬಿದ್ದು ಬಿದ್ದು ನಕ್ಕು, ಅಯ್ಯ ನಾನು ಇದನ್ನು ನಿಮ್ಮವ್ವನಿಂದಲೇ ಕೇಳಿದ್ದು ಅನ್ನುತ್ತಿದ್ದಳು.

ಅಪ್ಪ ಊರಲ್ಲಿದ್ದ ದಿನ, ಒಳಗೆ ರೊಟ್ಟಿಯ ಸಪ್ಪಳ ಶುರುವಾದ ಹೊತ್ತಿಗೇ ಪಡಸಾಲೆಯಲ್ಲಿ ಪೇಟಿ ಮುಂದೆ ಕೂರುತ್ತಿದ್ದ. ಮೊದಲು ಸುಮ್ಮನೆ ತಿದಿ ಒತ್ತಿ ಸಾ ಹಿಡಿದು ಕೂರುವನು. ಆಮೇಲೆ ಒಂದು ಬೆರಳು, ಎರಡು ಬೆರಳು. ನೋಡುನೋಡುತ್ತ ಅಡುಗೆಮನೆಯಲ್ಲಿ ಆಗಷ್ಟೇ ಹಾಡಿದ್ದು ಪಡಸಾಲೆಯಲ್ಲಿ ನುಡಿಯುತ್ತಿತ್ತು. ಕದ್ದ ಎನ್ನಲಾರೆ. ಕದಿಯುವವನಿಗೆ ತಾನು ಕದಿಯುವುದು ಗೊತ್ತಿರುತ್ತದೆ. ಅಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಒಲೆಯ ಹೊಗೆ ಮೂಗಿಗೆ ಬರುವ ಹಾಗೆ ಅವ್ವನ ಹಾಡು ಅವನ ಕಿವಿಗೆ ಬರುತ್ತಿತ್ತು, ಹೊಗೆಗೆ ಯಾರೂ ಲೆಕ್ಕ ಇಡುವುದಿಲ್ಲವಲ್ಲ. ಅವ್ವನಿಗೆ ಮಾತ್ರ ಎಲ್ಲ ಗೊತ್ತಿತ್ತು. ಅಪ್ಪನ ಬೆರಳು ಒಂದು ಕಡೆ ತಡವರಿಸಿದರೆ ಆಕೆ ಅದೇ ಸಾಲನ್ನು ಇನ್ನೊಮ್ಮೆ, ಬೇಕೆಂದೇ ನಿಧಾನವಾಗಿ ಹಾಡುತ್ತಿದ್ದಳು. ಅವನು ಹಿಡಿದುಕೊಂಡ ಮೇಲೆ ಮುಂದೆ ಹೋಗುತ್ತಿದ್ದಳು. ಇಬ್ಬರೂ ಎದುರು ಬದುರು ಕುಳಿತು ಮಾತಾಡಿದ್ದನ್ನು ನಾನು ಹೆಚ್ಚು ನೋಡಿಲ್ಲ. ಅವರ ಮಾತುಕತೆ ಹೀಗೇ ನಡೆಯುತ್ತಿತ್ತು, ಮತ್ತು ಅವ್ವ ಅದರಲ್ಲಿ ಸುಖವಾಗಿಯೇ ಇದ್ದಳು.

ಆ ವರ್ಷ ಅಗರಖೇಡದ ನಾಟಕ ಬಹಳ ಜೋರಾಯಿತು. ಅಲ್ಲಿಂದ ಬಂದ ಮೇಲೆ ಅಪ್ಪನ ನಡಿಗೆಯೇ ಬೇರೆ ಆಗಿತ್ತು. ಎಂಟು ದಿನ ಬಿಟ್ಟು ಆ ಊರಿನ ಗೌಡರು ಒಂದು ಚೀಲ ಲಿಂಬಿಕಾಯಿ ಹೊತ್ತುಕೊಂಡು, ಮಾಸ್ತರನ್ನು ಮತ್ತೊಮ್ಮೆ ಕಂಡು ಹೋಗಬೇಕೆಂದು ನಮ್ಮ ಮನೆಗೆ ಬಂದರು. ಇಂಡಿ ಸೀಮೆಯವರು ಯಾರ ಮನೆಗೂ ಲಿಂಬಿಕಾಯಿ ಇಲ್ಲದೆ ಹೋಗುವುದಿಲ್ಲ. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಅವ್ವ ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಮಾದಲಿ ಎಲ್ಲ ಮಾಡಿದಳು. ನಡುಮನೆಯಲ್ಲಿ ಪಂಕ್ತಿ ಹಾಕಿದರು. ಅವ್ವ ಬಿಸಿ ರೊಟ್ಟಿ ಹಿಡಿದು ಗೌಡರ ಎದುರು ಬಗ್ಗಿದ್ದಾಗ ಅವರು ಅಪ್ಪನಿಗೆ ಹೇಳಿದರು:

"ಮಾಸ್ತರ, ನಾಟಕದಾಗಿನ ಆ ತಾಯಿ ಪಾತ್ರದ ಹಾಡಿನ ಚಾಲು ನನಗ ಭೀಮಾ ಹೊಳಿ ಕೊಟ್ಟದ್ದು ಅಂತ ನೀವು ಸ್ಟೇಜಿನ ಮ್ಯಾಲ ಅಂದ್ರಲ್ಲ, ನಮ್ಮೂರ ಮಂದಿ ಇನ್ನೂ ಅದನ್ನ ಮಾತಾಡಾಕತ್ತಾರ್ರಿ. ಮುಂಜಾನೆ ಹೊಳೀ ದಂಡ್ಯಾಗ ಒಬ್ಬರ ಕುಂತಿದ್ರಂತ, ನೀರಿನ ಸಪ್ಪಳದಾಗ ಅದು ಬಂತಂತ. ಪುಣ್ಯವಂತ್ರಿ ನೀವು."

ಆ ಚಾಲು ಅವ್ವನನ್ನು ಹಡೆದ ತಾಯಿಯದು. ಆಕೆ ಬೀಸುವಾಗ ಹಾಡುತ್ತಿದ್ದ ಪದ. ಆಕೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವಳು ಹೋದ ಮೇಲೆ ಅವ್ವ ಆ ಪದವನ್ನು ದಿನಾ ಮುಂಜಾನೆ ಹಾಡಿ ಹಾಡಿ, ಕೆಲವು ದಿನ ಅಳುತ್ತ ಹಾಡಿ, ರೊಟ್ಟಿಯ ಲಯಕ್ಕೆ ತಿರುಗಿಸಿದ್ದಳು. ಅದನ್ನು ಅಪ್ಪ ಹೊಳೆಗೆ ಕೊಟ್ಟುಬಿಟ್ಟಿದ್ದ. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಆಕೆಯ ಕೈಯಲ್ಲಿನ ರೊಟ್ಟಿ ಅಲುಗಾಡಲಿಲ್ಲ. ಇನ್ನೊಂದು ನೀಡಲೇ ಎಂದು ಗೌಡರನ್ನು ಕೇಳಿ, ನೀಡಿ, ಅಪ್ಪನ ತಾಟಿಗೂ ನೀಡಿ ಒಳಗೆ ಹೋದಳು.

ಮರುದಿನ ಮುಂಜಾನೆ ಅಡುಗೆಮನೆಯಿಂದ ರೊಟ್ಟಿಯ ಸಪ್ಪಳ ಮಾತ್ರ ಬಂತು. ಅದರ ಮರುದಿನವೂ ಅಷ್ಟೇ. ಅವ್ವ ಎಲ್ಲರ ಜೊತೆ ಮಾತಾಡುತ್ತಿದ್ದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು, ಒಂದು ಹೊತ್ತೂ ಊಟ ತಪ್ಪಿಸಲಿಲ್ಲ. ಹಾಡನ್ನು ಮಾತ್ರ ಬಿಟ್ಟಳು. ಮಧ್ಯಾಹ್ನ ಕುಳಿತು ಆ ಚೀಲದ ಲಿಂಬಿಕಾಯಿಗಳನ್ನು ಒಂದೂ ಬಿಡದೆ ಹೆಚ್ಚಿ ಉಪ್ಪಿನಕಾಯಿ ಹಾಕಿದಳು. ಆಕೆ ಈಳಿಗೆಯ ಮೇಲೆ ಕಾಯಿ ಒತ್ತುವ ಪರಿ ನೋಡಿದರೆ ಹತ್ತಿರ ಹೋಗಲು ಹೆದರಿಕೆ ಆಗುತ್ತಿತ್ತು. ಹೊರಗೆ ಅಪ್ಪನಿಗೆ ಸುಳಿವೇ ಇಲ್ಲ. ಮುಂಜಾನೆ ಪೇಟಿ ಮುಂದೆ ಕೂರುವನು, ಸಾ ಹಿಡಿಯುವನು, ಅಷ್ಟಕ್ಕೇ ನಿಲ್ಲುವನು. ಸಿಂದಗಿ ಕಡೆಯ ಹಳ್ಳಿಯೊಂದರಿಂದ ಮುಂದಿನ ನಾಟಕಕ್ಕೆ ಆಗಲೇ ವೀಳ್ಯ, ಅಂದರೆ ಎಲೆ ಅಡಿಕೆಯ ಜೊತೆ ಮುಂಗಡ, ಹಿಡಿದಿದ್ದ. ವೀಳ್ಯ ಹಿಡಿದ ಮೇಲೆ ಮಾಸ್ತರ ಮಾತು ತಪ್ಪುವಂತಿಲ್ಲ, ಅವರಿಗೆ ಹೊಸ ಚಾಲು ಕೊಡಲೇಬೇಕು. ಬೆರಳು ಆಡಿಸಿದರೆ ಹಳೆಯವೇ ಬರುತ್ತವೆ. ಪೇಟಿಯೊಳಗೆ ಧೂಳು ಕೂತಿದೆ ಎಂದು ಬಿಚ್ಚಿ ಒರೆಸಿದ. ಆಗಲಿಲ್ಲ. ಅದನ್ನು ಬಸ್ಸಿಗೆ ಹಾಕಿಕೊಂಡು ತಾಳಿಕೋಟೆಯ ರಿಪೇರಿಯವನ ಹತ್ತಿರ ಒಯ್ದ. ಅವನು ಬಾರಿಸಿ ನೋಡಿ, ಪೇಟಿ ಬಂಗಾರದಂಥದ್ದು ಎಂದು ಹೊರಳಿ ಕಳಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಖಾಸಿಂಬಿ ಚಿಗವ್ವ ಗೋಡೆಯಾಚೆಯಿಂದ ಯಾರಿಗೋ ಅನ್ನುವ ಹಾಗೆ ಅಂದಳು. ಆಯಿ ಮಗನಿಗೆ ಗೌಡರ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು, ಚಾಲು ಬರಲಿಲ್ಲ.

ಕೊನೆಗೆ ಗುಟ್ಟು ಹಿಡಿದವಳೂ ಆಯಿಯೇ. ನಡುಮನೆಯ ಕಂಬ ಸುಮ್ಮನೆ ಅಲ್ಲ. ಒಂದು ಮುಂಜಾನೆ ಕಿವಿಯನ್ನು ಒಳಕ್ಕೊಮ್ಮೆ ಹೊರಕ್ಕೊಮ್ಮೆ ಕೊಟ್ಟು ಮಗನಿಗೆ ಹೇಳಿದಳು:

"ಪೇಟಿ ಕೆಟ್ಟಿಲ್ಲೋ ಗುರಪಾದ. ನಿನ್ನ ಹೇಣ್ತಿ ಹಾಡಾಕತ್ತಿಲ್ಲ."

"ಆಕಿ ಹಾಡಿದ್ರೇನು, ಬಿಟ್ರೇನವ್ವಾ?" ಎಂದು ಅಪ್ಪ ನಕ್ಕ.

ಆ ಮಾತು ಅಡುಗೆಮನೆಗೆ ಹೋಗಿ ಮುಟ್ಟಿತು. ಮುಟ್ಟಿಸಲು ಆಯಿ ಕೂಡ ಬೇಕಾಗಲಿಲ್ಲ. ಆಯಿಗೆ ಅಂದು ಮೊದಲ ಸಲ ಮಗನ ಮೇಲೆ ಸಿಟ್ಟು ಬಂದದ್ದನ್ನು ನಾನು ನೋಡಿದೆ. ಹುಚ್ಚು ಖೋಡಿ ಎಂದು ಬೈದು, ಸೆರಗು ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದಳು.

ಈಗ ನನ್ನ ಮಾತು ಹೇಳುತ್ತೇನೆ. ಆ ದಿನಗಳಲ್ಲಿ ಮುಂಜಾನೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುವುದು ನನ್ನ ಪಾಲಿನ ಕೆಲಸ. ಮೊದಲು ಅದು ಹಾಡು ಕೇಳುತ್ತ ಆಗಿಬಿಡುತ್ತಿತ್ತು. ಈಗ ಕೇಳಲು ಏನೂ ಇಲ್ಲ. ಅವ್ವನ ಅಂಗೈಯ ಬಡಿತ ಇದೆ, ರೊಟ್ಟಿ ಎತ್ತುವಾಗ ಆಗುವ ಆ ನಿಲುಗಡೆ ಇದೆ, ಮತ್ತೆ ಬಡಿತ. ಆ ನಿಲುಗಡೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಅಲ್ಲಿ ಏನಾದರೂ ಇರಬೇಕಿತ್ತು ಅನಿಸುತ್ತಿತ್ತು. ಒಂದು ದಿನ ಬಾಯಿ ಮುಚ್ಚಿಕೊಂಡೇ ಅಲ್ಲೊಂದು ಚೂರು ಗುನುಗಿದೆ. ಎರಡೇ ಎರಡು ಸ್ವರ ಇದ್ದಾವು. ಮುಂದಿನ ರೊಟ್ಟಿಗೆ ಅದಕ್ಕೆ ಇನ್ನೊಂದು ಸೇರಿತು. ಸಂಜೆ ಬಾವಿಯಿಂದ ನೀರು ತರುವಾಗ ಅದು ತಲೆಯಲ್ಲಿಯೇ ಇತ್ತು, ಮರುದಿನ ಮುಂಜಾನೆ ಎದ್ದಾಗಲೂ ಇತ್ತು, ಮತ್ತು ರಾತ್ರಿ ಇಡೀ ಯಾರೋ ತಿದ್ದಿದ ಹಾಗೆ ಸ್ವಲ್ಪ ಬೆಳೆದಿತ್ತು. ಅವ್ವ ಯಾವಾಗಲೂ ಹಾಡು ನಿಲ್ಲಿಸುತ್ತಿದ್ದ ಜಾಗದಲ್ಲಿ ನನ್ನದು ಶುರುವಾಗುತ್ತಿತ್ತು. ಇದು ಅವ್ವನದಲ್ಲ, ಖಾಸಿಂಬಿ ಚಿಗವ್ವನದಲ್ಲ, ಎಲ್ಲಿಯೂ ಕೇಳಿದ್ದಲ್ಲ ಎಂದು ತಿಳಿದಾಗ ನನಗೆ ಆದ ಆನಂದವನ್ನು ಇವತ್ತಿನವರೆಗೂ ಯಾವ ಹಾರ, ಯಾವ ಶಾಲೂ ಕೊಟ್ಟಿಲ್ಲ. ಸ್ಫೂರ್ತಿ ಅಂದರೆ ಏನೆಂದು ಕೇಳಿದ ಆ ಹುಡುಗಿಗೆ ಇದನ್ನು ಹೇಳಬೇಕಿತ್ತು. ತುಂಬಿದ ಮನೆಯಲ್ಲಿ ಬೆಳೆಯಬೇಕು, ಆಮೇಲೆ ಆ ಮನೆ ಒಂದಿಷ್ಟು ದಿನ ಖಾಲಿಯಾಗಬೇಕು. ಖಾಲಿಯಲ್ಲೇ ಬೆಳೆದರೆ ಬರುವುದಿಲ್ಲ, ತುಂಬಿಯೇ ಇದ್ದರೂ ಬರುವುದಿಲ್ಲ. ನಾನು ಇಷ್ಟು ವರ್ಷ ಮಾಡಿದ ಕೆಲಸದ ಮೇಲೆ ನಿಂತು ಈ ಮಾತು ಹೇಳುತ್ತಿದ್ದೇನೆ, ಬೇಕಾದವರು ನಂಬಲಿ.

ಅವ್ವ ನನ್ನ ಗುನುಗು ಕೇಳಿಯೂ ಕೇಳದವಳ ಹಾಗೆ ಇದ್ದಳು. ಆಕೆಗೆ ಬೆನ್ನಿಗೂ ಕಿವಿ ಇದ್ದವು ಎಂಬುದು ನನಗೆ ಆಮೇಲೆ ತಿಳಿಯಿತು.

ಅಷ್ಟರಲ್ಲಿ ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ, ಕುಬಸ ಬಂತು. ಚೊಚ್ಚಲ ಬಸಿರಿ, ತವರಿನಲ್ಲಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕಾರ್ಯ. ಓಣಿಯ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದರು. ಗಂಡಸರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಇಂಥ ಕಾರ್ಯಗಳಲ್ಲಿ ಹೆಂಗಸರು ಅಡ್ಡಗಟ್ಟಿ ನಿಲ್ಲಿಸಿ ಹೇಳಿಸುತ್ತಾರೆ, ಆಗ ಪ್ರಾಸ ಕಟ್ಟಿ ಒಂದು ಒಡಪು ಹಾಕಿ ಅದರೊಳಗೆ ಹೆಸರು ಹೇಳಬೇಕು. ಒಡಪಿನಲ್ಲಿ ಗಂಡನನ್ನು ಎಷ್ಟು ಚುಚ್ಚಿದರೂ ನಡೆಯುತ್ತದೆ. ಅದಕ್ಕೆ ಸಿಟ್ಟಾದ ಗಂಡಸು ಊರಿಗೆಲ್ಲ ನಗೆಪಾಟಲು. ಮೊದಲು ಅತ್ತೆಯಿಂದ ಹೇಳಿಸಿದರು, ಆಮೇಲೆ ಅವ್ವನ ಕೈ ಹಿಡಿದರು. ಬೇರೆ ದಿನವಾಗಿದ್ದರೆ ಅವ್ವ ನಾಚಿ ಒಳಗೆ ಓಡುವವಳು. ಅಂದು ಓಡಲಿಲ್ಲ. ಆರತಿಯ ತಾಟು ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, ಪಡಸಾಲೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು:

"ಹಿಟ್ಟು ನಾದಿದಾಕಿ ನಾನು, ಹಂಚು ಕಾಸಿದಾಕಿ ನಾನು,
ರೊಟ್ಟಿ ಕೊಟ್ಟದ್ದು ಹೊಳಿ ಅಂದ್ರ ಹೊಳಿಗಿ ಹೋಗಲೇನು?
ಮಗಳ ಬಟ್ಟು ಪೇಟಿ ಮ್ಯಾಲ ಆಡೋ ದಿನ ಬರಲಿ,
ಗುರುಪಾದಪ್ಪನವರ ಮನ್ಯಾಗ ಹಾಡು ಅಲ್ಲೀತನ ಮುಚ್ಚೇ ಇರಲಿ."

ಖಾಸಿಂಬಿ ಚಿಗವ್ವ ಚಪ್ಪಾಳೆ ತಟ್ಟಿ ನಕ್ಕಳು, ಅದರ ಹಿಂದೆ ಇಡೀ ನಡುಮನೆ ನಕ್ಕಿತು. ಪಡಸಾಲೆಯಲ್ಲಿ ಗಂಡಸರೂ ನಕ್ಕರು. ಅಪ್ಪನೊಬ್ಬ ನಗಲಿಲ್ಲ. ಅಲ್ಲಿಯವರೆಗೆ ಅವ್ವ ತನ್ನ ಸಿಟ್ಟಿಗೆ ಹಾಡು ಬಿಟ್ಟಿದ್ದಾಳೆ ಅಂದುಕೊಂಡಿದ್ದೆ. ಅದು ನನಗಾಗಿ ಎಂದು ನನಗೆ ಹೊಳೆದಿರಲೇ ಇಲ್ಲ.

ಅತ್ತೆಯನ್ನು ಕಳಿಸಿಕೊಟ್ಟ ಮೇಲೆ ಮನೆಯಲ್ಲಿ ಜಗಳ ಶುರುವಾಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇದು ಹಾಗೆ ಮುಗಿಯಲಿಲ್ಲ. ಅಪ್ಪ ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ ಅಂದ. ಒಂದು ದಿನ ಉಣ್ಣಲಿಲ್ಲ. ಎರಡನೆಯ ದಿನ ಹಸಿವು ತಡೆಯದೆ ಉಂಡ, ಉಂಡು ಮತ್ತೆ ಸಿಟ್ಟಾದ. ಮಾತು ಬೇಕಾದರೆ ಆಯಿಯ ಕಡೆಯಿಂದ ಹೇಳಿ ಕಳಿಸುತ್ತಿದ್ದ. ಆಯಿ ಮಾತ್ರ ಆ ಸಲ ಮುಟ್ಟಿಸಲಿಲ್ಲ, ನಿನ್ನ ಬಾಯಿಗೆ ಏನಾಗಿದೆ, ನೀನೇ ಹೋಗಿ ಹೇಳು ಅಂದಳು. ಕೊನೆಗೆ ಒಂದು ಮಧ್ಯಾಹ್ನ ಅಪ್ಪ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ. ನಿನಗೆ ಏನು ಬೇಕು, ಸ್ಟೇಜಿನ ಮೇಲೆ ನಿನ್ನ ಹೆಸರು ಕೂಗಬೇಕೇನು ಎಂದು ಕೇಳಿದ. ಅವ್ವ ಹಂಚು ತಿಕ್ಕುತ್ತಿದ್ದವಳು ಕೈ ತೊಳೆದುಕೊಂಡು ಎದ್ದು ನಿಂತಳು.

"ನನ್ನ ಹೆಸರು ಯಾರಿಗಿ ಬೇಕಾಗೇತ್ರಿ? ನಮ್ಮವ್ವನ ಹಾಡು ನನಗ ಬಂತು. ನನಗ ಪೇಟಿ ಯಾರೂ ಕೊಡಲಿಲ್ಲ, ಒಲಿ ಮುಂದ ಕುಂತು ಹಾಡಿದೆ. ನೀವಾದ್ರೂ ತಗೊಂಡ್ರಿ, ಇರಲಿ, ಮನ್ಯಾಗ ಉಳೀತು ಅಂದೆ. ನೀವು ಅದನ್ನ ಹೊಳಿಗಿ ಹಾಕಿದ್ರಿ. ಈ ಹುಡುಗಿದೂ ಹಂಗ ಆಗಬಾರದು. ಅಷ್ಟ ಬೇಕು ನನಗ."

"ಈ ಹುಡುಗಿದು ಏನೈತಿ ಆಗಾಕ?"

"ಎಂದಾರ ಕೇಳೀರೇನು?"

ಅಪ್ಪ ನನ್ನ ಕಡೆ ತಿರುಗಿದ. ನಾನು ಮೊರ ಹಿಡಿದುಕೊಂಡು ಅಲ್ಲೇ ಕುಳಿತಿದ್ದೆ. ಹಾಡು ಅಂದ. ನಾನು ಹೆದರಿ ಮೊರವನ್ನು ಎದೆಗೆ ಒತ್ತಿಕೊಂಡೆ. ಅವ್ವ ರೊಟ್ಟಿ ಕಲ್ಲಿನ ಮುಂದೆ ಕುಳಿತು ಬರಿಗೈಯಿಂದ ಅದರ ಮೇಲೆ ಬಡಿಯತೊಡಗಿದಳು. ಆ ಬಡಿತ ಕೇಳಿದ ಮೇಲೆ ನನ್ನ ಹೆದರಿಕೆ ಎಲ್ಲಿ ಹೋಯಿತೋ. ಕಣ್ಣು ಮುಚ್ಚಿ ಹಾಡಿದೆ. ಮಾತಿಲ್ಲದ ಹಾಡು, ಬರೀ ಚಾಲು. ಮುಗಿದ ಮೇಲೆ ಅಪ್ಪ ಅವ್ವನನ್ನು, ಇದು ನಿನ್ನದೇ ಎಂದು ಕೇಳಿದ. ಅವ್ವ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಅವ್ವನ ಅಂಗೈ ನಿಂತು ನನ್ನ ದನಿ ಎದ್ದ ಜಾಗದಲ್ಲಿಯೇ ಅವನಿಗೆ ಎಲ್ಲ ತಿಳಿಯಿತೆಂದು ನನಗೆ ಅನಿಸುತ್ತದೆ. ತನ್ನ ಹೆಸರಾದ ಚಾಲುಗಳೆಲ್ಲ ಎಲ್ಲಿಂದ ಬಂದವು, ಈಗ ಏಕೆ ಬರುತ್ತಿಲ್ಲ ಎಂಬುದೆಲ್ಲ. ಅವನ ಮುಖ ಸಣ್ಣದಾಯಿತು. ನನಗೆ ಅವನನ್ನು ಕಂಡು ಅಯ್ಯೋ ಅನಿಸಿತು. ಮರುದಿನ ಮುಂಜಾನೆ ಪಡಸಾಲೆಯಿಂದ ನನ್ನನ್ನು ಕೂಗಿ ಕರೆದ. ಪೇಟಿಯ ಎದುರು ಎರಡು ಚಾಪೆ ಹಾಸಿತ್ತು. ಅವನು ತಿದಿ ಒತ್ತಿದ, ನನ್ನ ಬೆರಳು ಹಿಡಿದು ಸಾ ಎಲ್ಲಿದೆ ಎಂದು ತೋರಿಸಿದ. ಅವ್ವ ಆಗಲೂ ಹಾಡಲಿಲ್ಲ. ಇನ್ನೂ ಏನೋ ನೋಡಬೇಕೆಂದು ಕಾಯುತ್ತಿದ್ದಳು.

ಅದು ಏನೆಂದು ತಿಳಿದದ್ದು ಸಿಂದಗಿ ಕಡೆಯ ನಾಟಕದ ಯಜಮಾನ ಮಲ್ಲಪ್ಪ ಬಂದ ದಿನ. ತಾಲೀಮು ಶುರು ಮಾಡುವ ಮೊದಲು ನಾಯಕಿಯ ಹಾಡಿನ ಚಾಲು ಒಮ್ಮೆ ಕೇಳಿ ಹೋಗುತ್ತೇನೆ ಎಂದು ಮುಂಜಾನೆಯ ಬಸ್ಸಿಗೆ ಬಂದಿದ್ದ. ಅಪ್ಪ ನಾಟಕದ ಮಾತು ಹಾಕಿ ನನ್ನ ಚಾಲನ್ನು ಬಾರಿಸಿ ಹಾಡಿ ತೋರಿಸಿದ. ಮಲ್ಲಪ್ಪ ತೊಡೆ ತಟ್ಟಿಕೊಂಡು ಕುಣಿದಾಡುವುದೊಂದು ಬಾಕಿ. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದ. ಇದು ಎಲ್ಲಿ ಹೊಳೆಯಿತು ಮಾಸ್ತರ, ಇದೂ ಹೊಳೆಯ ದಂಡೆಯಲ್ಲೇನು ಅಂದ. ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ಆಯಿ ಕಂಬ ಬಿಟ್ಟು ಮುಂದಕ್ಕೆ ಬಗ್ಗಿದಳು. ನಾನು ಬಾಗಿಲ ಮರೆಯಲ್ಲಿದ್ದೆ. ಅಪ್ಪ ಒಂದು ಹೌದು ಅಂದರೆ ಎಲ್ಲ ಮೊದಲಿನ ಹಾಗೆ ಆಗುತ್ತಿತ್ತು, ಅವನ ಹೆಸರು ಅವನಿಗೆ, ನಾನು ಮೊರಕ್ಕೆ. ಅಪ್ಪ ತಿದಿಯ ಮೇಲಿನ ಕೈ ತೆಗೆದ.

"ನನಗ ಹೊಳೆದಿಲ್ರಿ. ನನ್ನ ಮಗಳು ಕಟ್ಟ್ಯಾಳ."

ಮಲ್ಲಪ್ಪ ಮೊದಲು ನಕ್ಕ. ಅಪ್ಪ ನಗದೇ ಇದ್ದದ್ದು ನೋಡಿ ತಾನೂ ನಿಲ್ಲಿಸಿದ. ಆಮೇಲೆ ದನಿ ತಗ್ಗಿಸಿ ಬುದ್ಧಿ ಹೇಳತೊಡಗಿದ. ಸಣ್ಣ ಹುಡುಗಿ ಕಟ್ಟಿದ ಚಾಲು ಎಂದು ಗೊತ್ತಾದರೆ ಊರ ಮಂದಿ ನಗುತ್ತಾರೆ, ಗುರುಪಾದಪ್ಪ ಮಾಸ್ತರ ಬರುತ್ತಾನೆ ಎಂದೇ ಊರಲ್ಲಿ ಹಣದ ಪಟ್ಟಿ ಎತ್ತಿದ್ದೇವೆ, ನಿಮ್ಮ ಹೆಸರಿನಲ್ಲೇ ಇರಲಿ, ಬೇಕಾದರೆ ಹೊಳೆಯದೆಂದೇ ಹೇಳೋಣ ಅಂದ. ಅಪ್ಪ ಎದ್ದು ಗೂಡಿನಲ್ಲಿ ಇಟ್ಟಿದ್ದ ವೀಳ್ಯದ ಗಂಟನ್ನು ತಂದು ಅವನ ಮುಂದೆ ಇಟ್ಟ.

"ಹಂಗಾದ್ರ ಇದನ್ನ ಹೊಳ್ಳಿ ಒಯ್ರಿ ಮಲ್ಲಪ್ಪ. ಹೊಳಿಗೇ ಕೊಡ್ರಿ, ಅದ ಬಂದು ನಿಮ್ಮ ಹುಡುಗರಿಗಿ ತಾಲೀಮು ಕೊಡಲಿ."

ಆ ಗಂಟು ಹೊರಳಿ ಹೋದರೆ ಅಪ್ಪನ ಹೆಸರು ಸಿಂದಗಿ ಸೀಮೆಯಲ್ಲಿ ಮುಗಿದಂತೆ. ಅದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಲ್ಲಪ್ಪ ಗಂಟನ್ನೂ ಅಪ್ಪನನ್ನೂ ನೋಡಿದ. ಒರಟ ಮನುಷ್ಯ, ಆದರೆ ಕಿವಿ ಇದ್ದವನು. ಚಾಲು ಆಗಲೇ ಅವನ ತಲೆಗೆ ಹತ್ತಿತ್ತು, ಬೆರಳು ತನ್ನಷ್ಟಕ್ಕೆ ಮೊಣಕಾಲಿನ ಮೇಲೆ ಅದನ್ನು ಬಡಿಯುತ್ತಿತ್ತು. ಗಂಟನ್ನು ಮುಟ್ಟದೆ, ಎಲ್ಲಿದೆ ಆ ಕೂಸು ಎಂದು ಕೇಳಿದ. ಅಪ್ಪ ಪೇಟಿಯ ಹಿಂದಿನ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ನಾನು ಹೋಗಿ ಅಲ್ಲಿ ಕುಳಿತೆ. ನನಗೆ ತಿದಿ ಒತ್ತುವುದೂ ಬಾರಿಸುವುದೂ ಒಟ್ಟಿಗೆ ಇನ್ನೂ ಬರುತ್ತಿರಲಿಲ್ಲ, ಅಪ್ಪನೇ ತಿದಿ ಒತ್ತಿದ. ತಡೆತಡೆದು ಬಾರಿಸಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು. ಎಷ್ಟೋ ದಿನಗಳ ಮೇಲೆ ಆ ದನಿ ಕೇಳಿ ನನ್ನ ಕಣ್ಣು ತುಂಬಿ ಪಟ್ಟಿಗಳು ಕಾಣದಾದವು. ನನ್ನ ಚಾಲನ್ನು ಆಕೆ ಹಾಡುತ್ತಿದ್ದಳು. ಆದರೆ ಪೂರ್ತಿ ಬರುತ್ತಿರಲಿಲ್ಲ, ಎರಡನೆಯ ಸಾಲಿನಲ್ಲಿ ತಪ್ಪಿ ನಿಂತಳು. ಅಡುಗೆಮನೆಯಿಂದ ಅವ್ವ, ಅಪ್ಪನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು:

"ನೀಲಾ, ಇನ್ನೊಮ್ಮಿ ತೋರಸವಾ."

ನಾನು ತೋರಿಸಿದೆ.